ದನದ ಮಾಂಸಕ್ಕೆ ಉಪ್ಪು, ಮಸಾಲೆ ಹಿಡಿಸುವ ಕ್ರಮ

ದನದ ಮಾಂಸದ ಅಡುಗೆ ಸಪ್ಪೆಯೆನಿಸಿದಾಗ ಹೆಚ್ಚಿನವರು ಮಸಾಲೆಯ ಪ್ರಮಾಣವನ್ನು ಏರಿಸುತ್ತಾರೆ. ಆದರೆ ಅನೇಕ ಸಲ ತಪ್ಪಿರುವುದು ಉಪ್ಪು ಹಾಕಿದ ಹೊತ್ತು. ಮಸಾಲೆಯ ಘಮ ಬಹುಮಟ್ಟಿಗೆ ಮೇಲ್ಪದರದಲ್ಲೇ ನಿಲ್ಲುತ್ತದೆ, ಉಪ್ಪಾದರೋ ಸಮಯ ಕೊಟ್ಟರೆ ತುಂಡಿನ ಒಳಕ್ಕೆ ಇಳಿಯುತ್ತದೆ.

ಮೂಳೆಯಿಲ್ಲದ ಒಂದು ಕಿಲೋ ಮಾಂಸಕ್ಕೆ ಸುಮಾರು 10ರಿಂದ 12 ಗ್ರಾಂ ಉಪ್ಪು ಸಾಕು. ಚಮಚದ ಅಳತೆಗಿಂತ ತೂಕವನ್ನೇ ನಂಬುವುದು ಮೇಲು, ಏಕೆಂದರೆ ಪುಡಿ ಉಪ್ಪು ಮತ್ತು ಹರಳುಪ್ಪು ಒಂದೇ ಚಮಚದಲ್ಲಿ ಬೇರೆ ಬೇರೆ ತೂಗುತ್ತವೆ. ಉಪ್ಪು ಸವರಿದ ಕೆಲವೇ ನಿಮಿಷಗಳಲ್ಲಿ ಮಾಂಸ ನೀರು ಬಿಟ್ಟುಕೊಂಡು ಮೇಲ್ಮೈ ಒದ್ದೆಯಾಗುತ್ತದೆ. ಉಪ್ಪು ಆ ನೀರಿನಲ್ಲಿ ಕರಗಿದ ಮೇಲೆ, ಸುಮಾರು ಮುಕ್ಕಾಲು ಗಂಟೆಯ ಹೊತ್ತಿಗೆ, ಅದರಲ್ಲಿ ಬಹುಭಾಗವನ್ನು ಮಾಂಸವೇ ಮತ್ತೆ ಒಳಗೆಳೆದುಕೊಳ್ಳುತ್ತದೆ. ಹೀಗಾಗಿ ಮಾಂಸವನ್ನು ಬಾಣಲೆಗೆ ಹಾಕುವ ಕ್ಷಣದಲ್ಲಿ ಉಪ್ಪು ಹಚ್ಚಬೇಕು, ಇಲ್ಲವೇ ಮುಕ್ಕಾಲು ಗಂಟೆಗೂ ಮೊದಲೇ ಹಚ್ಚಿರಬೇಕು. ನಡುವಿನ ಹೊತ್ತು ಯಾವುದಕ್ಕೂ ಒಳ್ಳೆಯದಲ್ಲ. ದಪ್ಪ ತುಂಡುಗಳಿಗೆ ಹಿಂದಿನ ರಾತ್ರಿಯೇ ಉಪ್ಪು ಸವರಿ, ಮುಚ್ಚದೆ ಫ್ರಿಜ್ಜಿನಲ್ಲಿ ಇಡುವುದಕ್ಕಿಂತ ಉತ್ತಮ ಉಪಾಯ ನನಗೆ ತಿಳಿದಿಲ್ಲ. ಇದರಿಂದ ಮೇಲ್ಮೈ ಒಣಗುತ್ತದೆ, ಮತ್ತು ಒಣಗಿದ ಮೇಲ್ಮೈ ಬೇಗ ಕಂದುಬಣ್ಣಕ್ಕೆ ತಿರುಗುತ್ತದೆ. ಹುರಿದ ಮಾಂಸದ ವಿಶಿಷ್ಟ ರುಚಿ ಹುಟ್ಟುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ. ಮೇಲೆ ನೀರಿರುವವರೆಗೆ ಆ ಬಿಸಿ ಬರುವುದೇ ಇಲ್ಲ.

ಕಾಳುಮೆಣಸನ್ನು ಆಗಷ್ಟೇ ಕುಟ್ಟಿ ಹಾಕಬೇಕು. ಜೋರು ಉರಿಯಲ್ಲಿ ಹುರಿಯುವುದಾದರೆ ಬೆಳ್ಳುಳ್ಳಿ ಸೀದು ಕಹಿಯಾಗುವುದರಿಂದ ಅದನ್ನು ಕೊನೆಯಲ್ಲಿ, ಉರಿ ತಗ್ಗಿಸಿದ ಬಳಿಕ ಸೇರಿಸಬೇಕು.

ನಿಂಬೆರಸ, ಮೊಸರು ಅಥವಾ ವಿನೆಗರ್‌ನಲ್ಲಿ ನೆನೆಸಿದಷ್ಟೂ ಒಳ್ಳೆಯದೆಂಬ ನಂಬಿಕೆಯನ್ನು ಬಿಡಬೇಕು. ಹುಳಿ ಒಳಗಿಳಿಯುವುದು ಕೆಲವೇ ಮಿಲಿಮೀಟರ್, ಹೆಚ್ಚು ಹೊತ್ತಾದರೆ ಹೊರಪದರ ಹಿಟ್ಟುಹಿಟ್ಟಾಗುತ್ತದೆ. ಹಸಿ ಪಪ್ಪಾಯಿಯಂತೂ ಇನ್ನೂ ಬೇಗ ಹಾಗೆ ಮಾಡುತ್ತದೆ. ನೆನೆಸುವುದನ್ನು ಫ್ರಿಜ್ಜಿನಲ್ಲೇ ಮಾಡಬೇಕು, ಉಳಿದ ರಸವನ್ನು ಚೆನ್ನಾಗಿ ಕುದಿಸದೆ ಬಳಸಬಾರದು.

ಖೀಮಾದ ಲೆಕ್ಕ ಬೇರೆ. ಉಪ್ಪು ಬೆರೆಸಿ ನಾದಿದರೆ ಅದರ ಪ್ರೋಟೀನ್ ಅಂಟಾಗಿ ಮುದ್ದೆ ಬಿಗಿಯಾಗುತ್ತದೆ. ಕಡ್ಡಿಗೆ ಒತ್ತುವ ಕಬಾಬಿಗೆ ಇದೇ ಬೇಕು, ಆದರೆ ಹಗುರವಾಗಿ ಬಿಡಿಬಿಡಿಯಾಗಿರಬೇಕಾದ ಬರ್ಗರ್ ಬಿಲ್ಲೆಗೆ ಉಪ್ಪನ್ನು ಹುರಿಯುವ ಮುನ್ನ ಹೊರಗಿನಿಂದಷ್ಟೇ ಉದುರಿಸಬೇಕು. ನಿಧಾನವಾಗಿ ಬೇಯುವ ಸಾರಿನಲ್ಲಿ ನೀರು ಇಂಗಿದಂತೆ ಉಪ್ಪು ಗಾಢವಾಗುವುದರಿಂದ, ಮೊದಲು ಅರ್ಧದಷ್ಟನ್ನು ಹಾಕಿ, ಉಳಿದುದನ್ನು ಒಲೆಯಿಂದ ಇಳಿಸುವ ಮುನ್ನ ರುಚಿ ನೋಡಿ ಸೇರಿಸಬೇಕು. ಆಗಲೂ ರುಚಿ ತೆಳುವೆನಿಸಿದರೆ ಸ್ವಲ್ಪ ಟೊಮೆಟೊ ಅಥವಾ ಸೋಯಾ ಸಾಸ್ ಅದನ್ನು ತುಂಬಿಕೊಡುತ್ತದೆ.