ಅವ್ವನ ಹೆಸರು ಎರಡು ಸಲ

ಮಂಡ್ಯದ ನೂರಡಿ ರಸ್ತೆಯಿಂದ ಒಳಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಜೆರಾಕ್ಸ್ ಅನ್ನುವುದು ಬೋರ್ಡಿಗೆ ಮಾತ್ರ, ಹೊಟ್ಟೆ ತುಂಬುವುದು ಅರ್ಜಿ ತುಂಬುವುದರಿಂದ. ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಮಕ್ಕಳ ವಿದ್ಯಾರ್ಥಿವೇತನ, ರೇಷನ್ ಕಾರ್ಡಿಗೆ ಹೆಸರು ಸೇರಿಸುವುದು, ಹೀಗೆ ದಿನಕ್ಕೆ ಇಪ್ಪತ್ತೋ ಮೂವತ್ತೋ ಅರ್ಜಿ. ಸರ್ವರ್ ಡೌನ್ ಆಗಿದ್ದರೆ ಬೈಗುಳವೂ ನನಗೇ. ಇಷ್ಟೆಲ್ಲ ಅನುಭವ ಇದ್ದವನು ಶ್ರೀಲಂಕಾಕ್ಕೆ ಹೋಗುವ ಮುಂಚೆ ಮನೆಯವರ ನಾಲ್ಕು ಇಟಿಎ ಅರ್ಜಿ, ಅಂದರೆ ಆನ್‌ಲೈನ್ ಪ್ರಯಾಣ ಅನುಮತಿಯ ಅರ್ಜಿ, ತುಂಬಲು ಎರಡು ದಿನ ತೆಗೆದುಕೊಂಡೆ ಅಂದರೆ ನಂಬುವುದು ಕಷ್ಟ. ಆದರೆ ಆಗಿದ್ದು ಹಾಗೇ.

ಇದು 2019ರ ಜನವರಿಯ ಮಾತು. ಅವ್ವನಿಗೆ ಅಶೋಕವನ ನೋಡಬೇಕು ಅನ್ನುವ ಆಸೆ ಬಹಳ ವರ್ಷದ್ದು. ನುವಾರ ಎಲಿಯ ಅನ್ನುವ ಬೆಟ್ಟದ ಊರಿನ ಹತ್ತಿರ ಸೀತಾ ಎಲಿಯದಲ್ಲಿ ಸೀತಮ್ಮನ ಗುಡಿ ಇದೆ, ಪಕ್ಕದಲ್ಲೇ ಒಂದು ತೊರೆ, ಬಂಡೆ ಮೇಲೆ ಹನುಮಂತನ ಹೆಜ್ಜೆ ಅಂತ ತೋರಿಸುತ್ತಾರೆ ಎಂದು ಯಾರೋ ಹೋಗಿ ಬಂದವರು ಅವ್ವನ ಕಿವಿಗೆ ಹಾಕಿದ್ದರು. ಬೆಂಗಳೂರಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ಮಂಡ್ಯದಿಂದ ದೇವನಹಳ್ಳಿ ಮುಟ್ಟುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಸರಿ, ಫೆಬ್ರವರಿಗೆ ಟಿಕೆಟ್ ಮಾಡಿಸಿದೆ.

ಪಾಸ್‌ಪೋರ್ಟ್ ಆಗಲೇ ಇತ್ತು. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಮಾಡಿಸುವ ವ್ಯವಸ್ಥೆ ದೇಶದಲ್ಲಿ ಮೊದಲು ಶುರುವಾದದ್ದು 2017ರ ಜನವರಿಯಲ್ಲಿ, ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ. ಅದು ಬಂದ ಮೇಲೆ ನಮಗೆ ಬೆಂಗಳೂರಿನ ಅಲೆದಾಟ ತಪ್ಪಿತು. 2018ರಲ್ಲಿ ನಾಲ್ಕೂ ಜನರದ್ದು ಮೈಸೂರಲ್ಲೇ ಆಯಿತು. ಮುಂದೆ ಬಂದ ತಾಪತ್ರಯದ ಬೇರು ಮಾತ್ರ ಅಲ್ಲೇ ಇತ್ತು, ನನಗೆ ಆಗ ಗೊತ್ತಾಗಲಿಲ್ಲ.

ನಮ್ಮ ಕಡೆ ಹೆಸರು ಹೇಗಿರುತ್ತದೆ ನಿಮಗೇ ಗೊತ್ತು. ಮೊದಲು ಊರಿನ ಅಕ್ಷರ, ಆಮೇಲೆ ಅಪ್ಪನ ಅಕ್ಷರ, ಕೊನೆಗೆ ನಮ್ಮ ಹೆಸರು. ಪಾಸ್‌ಪೋರ್ಟಿನವರು ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ನನ್ನ ಹೆಸರಿನ ಮುಂದಿನ ‘ಕೆ’ ಅಂದರೆ ಕೆರಗೋಡು. ಬಿಡಿಸಿದೆ. ಅದು ಸರ್‌ನೇಮ್ ಜಾಗದಲ್ಲಿ ಹೋಗಿ ಕೂತಿತು. ಮುಂದೆ ಶ್ರೀಲಂಕಾದ ಕ್ಯಾಂಡಿ ಊರಿನಲ್ಲಿ ಹೋಟೆಲಿನ ಹುಡುಗ ನನ್ನನ್ನು ನಾಲ್ಕು ದಿನ ‘ಮಿಸ್ಟರ್ ಕೆರಗೋಡು’ ಅಂತಲೇ ಕರೆದ. ಇಡೀ ಊರೇ ಬಂದು ರೂಮು ಮಾಡಿದಂತೆ ಅನ್ನಿಸುತ್ತಿತ್ತು.

ಅವ್ವನದು ಇನ್ನೊಂದು ಕಥೆ. ಆಧಾರ್‌ನಲ್ಲಿ, ವೋಟರ್ ಕಾರ್ಡಿನಲ್ಲಿ, ಬ್ಯಾಂಕಿನಲ್ಲಿ ಎಲ್ಲ ಕಡೆ ಒಂದೇ ಪದ. ಹಿಂದೆ ಇನಿಷಿಯಲ್ ಇಲ್ಲ, ಮುಂದೆ ಏನೂ ಇಲ್ಲ. ಹಾಗಾಗಿ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಹುಟ್ಟಿದ ದಿನ ಜನವರಿ 1. ನಮ್ಮೂರಲ್ಲಿ ಅವ್ವನ ವಯಸ್ಸಿನವರಲ್ಲಿ ಬಹಳ ಜನ ಹುಟ್ಟಿದ್ದು ಅವತ್ತೇ, ಆಧಾರ್ ಪ್ರಕಾರ.

ಇಟಿಎ ಅಂದರೆ ಹೊರಡುವ ಮುಂಚೆಯೇ ಆನ್‌ಲೈನಲ್ಲಿ ಪಡೆಯುವ ಪ್ರಯಾಣದ ಅನುಮತಿ. ಪಾಸ್‌ಪೋರ್ಟನ್ನು ಯಾವ ಕಚೇರಿಗೂ ಕಳಿಸಬೇಕಿಲ್ಲ, ಅದರೊಳಗೆ ಸ್ಟಿಕರ್ ಅಂಟಿಸುವುದಿಲ್ಲ. ಶ್ರೀಲಂಕಾದಲ್ಲಿ ಇದು 2012ರಿಂದ ಇದೆ. ಅಲ್ಲಿನ ವಲಸೆ ಇಲಾಖೆಯ ತಾಣದ ವಿಳಾಸ ಇಟಿಎ ಡಾಟ್ ಗವ್ ಡಾಟ್ ಎಲ್‌ಕೆ. ಕೊನೆಯ ಆ ‘ಗವ್ ಡಾಟ್ ಎಲ್‌ಕೆ’ ಇದೆಯಾ ಅಂತ ಮೊದಲು ನೋಡಿ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವವುಗಳಲ್ಲಿ ಅದೇ ಬಣ್ಣ, ಅದೇ ಬಾವುಟ ಹಾಕಿಕೊಂಡ ಖಾಸಗಿ ತಾಣಗಳಿರುತ್ತವೆ. ಅವರೂ ಇದೇ ಅರ್ಜಿಯನ್ನೇ ತುಂಬಿ ಕೊಡುವುದು, ನಡುವೆ ಕಮಿಷನ್ ಹಾಕಿಕೊಳ್ಳುತ್ತಾರೆ. ನಮ್ಮ ಅಂಗಡಿಗೆ ಬರುವ ಒಬ್ಬರು ಹಾಗೆ ಮೂರು ಪಟ್ಟು ದುಡ್ಡು ಕಟ್ಟಿ ಬಂದಿದ್ದರು. ಪಹಣಿಗೆ ನಾನು ಹತ್ತು ರೂಪಾಯಿ ಜಾಸ್ತಿ ಕೇಳಿದರೆ ಜಗಳಕ್ಕೆ ನಿಲ್ಲುವ ಮನುಷ್ಯ!

ಆಗ ಭಾರತವೂ ಸೇರಿದ ಸಾರ್ಕ್ ಕೂಟದ ದೇಶದವರಿಗೆ 30 ದಿನದ ಪ್ರವಾಸಕ್ಕೆ ಶುಲ್ಕ 20 ಡಾಲರ್. 12 ವರ್ಷದೊಳಗಿನ ಮಕ್ಕಳಿಗೆ ಶುಲ್ಕ ಇಲ್ಲ, ಅರ್ಜಿ ಮಾತ್ರ ಹಾಕಲೇಬೇಕು. ಮಗಳು ಐದನೇ ಕ್ಲಾಸು, ಅವಳದು ಉಳಿಯಿತು. ಕೊಲಂಬೊದಲ್ಲಿ ಇಳಿದ ಮೇಲೂ ಕೌಂಟರಿನಲ್ಲಿ ಮಾಡಿಸಬಹುದಿತ್ತು, ಶುಲ್ಕ ಸ್ವಲ್ಪ ಹೆಚ್ಚು. ಅವ್ವನನ್ನು ಕರೆದುಕೊಂಡು ಸಾಲಿನಲ್ಲಿ ನಿಲ್ಲುವ ಧೈರ್ಯ ನನಗಿರಲಿಲ್ಲ.

ಅರ್ಜಿ ತೆರೆದಾಗ ನನಗೆ ಮೊದಲು ಅನ್ನಿಸಿದ್ದು, ಇಷ್ಟೇನಾ ಅಂತ. ಫೋಟೋ ಇಲ್ಲ, ಸ್ಕ್ಯಾನ್ ಇಲ್ಲ, ಅಪ್‌ಲೋಡ್ ಇಲ್ಲ. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರು, ಕೊಟ್ಟ ದಿನ, ಮುಗಿಯುವ ದಿನ, ಯಾವತ್ತು ಬಂದಿಳಿಯುತ್ತೀರಿ, ಎಲ್ಲಿ ಉಳಿಯುತ್ತೀರಿ, ಇಂಥವು. ಪಾಸ್‌ಪೋರ್ಟ್ ಅಲ್ಲಿ ಇಳಿಯುವ ದಿನದಿಂದ ಆರು ತಿಂಗಳಾದರೂ ಚಾಲ್ತಿಯಲ್ಲಿರಬೇಕು. ನಮ್ಮದು ಹೊಸದು, ಆ ಚಿಂತೆ ಇರಲಿಲ್ಲ.

ಈ ಸಲೀಸೇ ಅಪಾಯ ಅಂತ ಆಮೇಲೆ ಅರ್ಥವಾಯಿತು. ನಾನು ಅಂಗಡಿಯಲ್ಲಿ ತುಂಬುವ ಅರ್ಜಿಗಳ ಹಿಂದೆ ದಾಖಲೆ ಲಗತ್ತಿಸಿರುತ್ತೇನೆ. ಹೆಸರು ತಪ್ಪಿದರೆ ಗ್ರಾಮ ಲೆಕ್ಕಿಗರೋ ನಾಡಕಚೇರಿಯವರೋ ವಾಪಸ್ ಕಳಿಸುತ್ತಾರೆ, ತಿದ್ದಿ ಮತ್ತೆ ಹಾಕುತ್ತೇನೆ. ಇಲ್ಲಿ ಲಗತ್ತೇ ಇಲ್ಲ ಅಂದಮೇಲೆ ನಾನು ಕುಟ್ಟಿದ್ದೇ ವೇದವಾಕ್ಯ. ತಪ್ಪು ಕುಟ್ಟಿದರೂ ಅದೇ ತಪ್ಪು ಹೆಸರಿಗೆ ಮಂಜೂರಾಗಿ ಬರಬಹುದು. ಗೊತ್ತಾಗುವುದು ಪಾಸ್‌ಪೋರ್ಟನ್ನೂ ಇಟಿಎಯನ್ನೂ ಪಕ್ಕಪಕ್ಕ ಹಿಡಿದು ನೋಡುವ ಕೌಂಟರಿನಲ್ಲಿ.

ನನ್ನದು, ಹೆಂಡತಿಯದು, ಮಗಳದು ಮುಗಿಸಿ ಅವ್ವನ ಅರ್ಜಿಗೆ ಬಂದೆ. ಸರ್‌ನೇಮ್ ಪೆಟ್ಟಿಗೆ ಖಾಲಿ ಬಿಟ್ಟರೆ ಮುಂದಕ್ಕೆ ಬಿಡಲಿಲ್ಲ. ಕೈ ತಾನಾಗಿಯೇ ಪಾಸ್‌ಪೋರ್ಟಿನ ಕೊನೆಯ ಪುಟಕ್ಕೆ ಹೋಯಿತು. ಅಲ್ಲಿ ಗಂಡನ ಹೆಸರು ಅಂತ ಅಪ್ಪನ ಹೆಸರಿದೆ. ರೇಷನ್ ಕಾರ್ಡಿನಿಂದ ವಿಧವಾ ವೇತನದವರೆಗೆ ಹೆಂಗಸರ ಹೆಸರಿನ ಪಕ್ಕ ಗಂಡನ ಹೆಸರು ಬರೆದು ಬರೆದು ರೂಢಿಯಾದ ಕೈ ಅದು. ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿಬಿಟ್ಟೆ. ಪಾಸಾಯಿತು. ಹಣ ಕಟ್ಟುವ ಪುಟ ಬಂತು.

ಕಾರ್ಡ್ ಹಾಕಿದೆ, ತಿರಸ್ಕಾರ. ನನ್ನ ರುಪೇ ಕಾರ್ಡು ದೇಶದೊಳಗಿನ ವ್ಯವಹಾರಕ್ಕೆ ಮಾತ್ರ. ಹೆಂಡತಿಯ ಕಾರ್ಡು ಹಾಕಿದೆ, ಅದೂ ಆಗಲಿಲ್ಲ. ಅದರಲ್ಲಿ ವಿದೇಶಿ ವ್ಯವಹಾರ ಚಾಲೂ ಮಾಡಿಸಿರಲಿಲ್ಲ. ಬ್ಯಾಂಕಿನ ಸಹಾಯವಾಣಿಗೆ ಫೋನು ಮಾಡಿದರೆ ಇಪ್ಪತ್ತು ನಿಮಿಷ ಹಾಡು ಕೇಳಿಸಿ, ಶಾಖೆಗೆ ಹೋಗಿ ಅಂದರು. ಅಷ್ಟರಲ್ಲಿ ಕರೆಂಟೂ ಹೋಯಿತು. ಅರ್ಜಿಗಳ ಕೊನೆಯ ಪುಟವನ್ನು ಪ್ರಿಂಟ್ ತೆಗೆದಿಟ್ಟಿದ್ದೆ, ನಾಳೆ ಮತ್ತೆ ಕುಟ್ಟುವಾಗ ನೋಡಿಕೊಳ್ಳಲು. ಬ್ಯಾಂಕಿನವರನ್ನು ಬೈದುಕೊಂಡು ಶೆಟರ್ ಎಳೆದೆ.

ರಾತ್ರಿ ಊಟಕ್ಕೆ ಕೂತಾಗ ಮಗಳು ಆ ಪ್ರಿಂಟನ್ನೂ ಪಾಸ್‌ಪೋರ್ಟುಗಳನ್ನೂ ಹರಡಿಕೊಂಡು ಟೀಚರ್ ಆಟ ಆಡುತ್ತಿದ್ದಳು. ತನ್ನದಕ್ಕೆ ರೈಟು, ಅಮ್ಮನದಕ್ಕೆ ರೈಟು. ಅಜ್ಜಿಯದಕ್ಕೆ ಕೆಂಪು ಪೆನ್ನಿನಲ್ಲಿ ದೊಡ್ಡ ಇಂಟು.

“ಅಪ್ಪಾ, ಅಜ್ಜಿ ಫೋಟೋ ಇರೋ ಪೇಜಲ್ಲಿ ತಾತನ ಹೆಸರೇ ಇಲ್ವಲ್ಲ?”

ಬಾಯಿಗೆ ಹೋಗುತ್ತಿದ್ದ ಮುದ್ದೆ ಅಲ್ಲೇ ನಿಂತಿತು. ಕಾರ್ಡು ಮೊದಲ ಸಲಕ್ಕೇ ಹೋಗಿದ್ದರೆ ಅಪ್ಪನ ಹೆಸರೇ ಅಂತಿಮವಾಗುತ್ತಿತ್ತು.

ಮಾರನೇ ದಿನ ಮೈಸೂರಿನಲ್ಲಿ ನಮ್ಮ ಟಿಕೆಟ್ ಮಾಡಿಕೊಟ್ಟ ಏಜೆಂಟರಿಗೆ ಫೋನು ಮಾಡಿದೆ. ಅವರಿಗೆ ಇದು ದಿನನಿತ್ಯದ ರಗಳೆ. “ಸಾರ್, ಫೋಟೋ ಪುಟದ ಕೆಳಗಡೆ ಬಾಣದ ಗುರುತು ಇರೋ ಎರಡು ಸಾಲು ಇದೆಯಲ್ಲ, ಅದನ್ನ ಓದಿ” ಅಂದರು. ಅಲ್ಲಿವರೆಗೆ ಅದನ್ನು ನಾನು ಡಿಸೈನ್ ಅಂದುಕೊಂಡಿದ್ದೆ!

ಅದು ಯಂತ್ರ ಓದುವ ಜಾಗ. ಎರಡು ಸಾಲು, ಒಂದೊಂದರಲ್ಲಿ 44 ಅಕ್ಷರ. ಮೊದಲ ಸಾಲು ಪಿ ಅಕ್ಷರದಿಂದ ಶುರುವಾಗಿ, ಒಂದು ಬಾಣ, ಆಮೇಲೆ ಐಎನ್‌ಡಿ, ಅದಕ್ಕೆ ಅಂಟಿಕೊಂಡೇ ಸರ್‌ನೇಮ್. ಎರಡು ಬಾಣ ಜೋಡಿಯಾಗಿ ಬಂದರೆ ಸರ್‌ನೇಮ್ ಮುಗಿಯಿತು, ಮುಂದಿನದು ಸ್ವಂತ ಹೆಸರು. ಹೆಸರಿನೊಳಗಿನ ಪದಗಳ ನಡುವೆ ಒಂದೇ ಬಾಣ. ನನ್ನದರಲ್ಲಿ ಐಎನ್‌ಡಿ ಆದಮೇಲೆ ಕೆರಗೋಡು, ಜೋಡಿ ಬಾಣ, ನನ್ನ ಹೆಸರು. ಅವ್ವನದರಲ್ಲಿ ಐಎನ್‌ಡಿ ಆದಮೇಲೆ ನೇರ ಅವ್ವನ ಹೆಸರು, ಅಲ್ಲಿಂದ ಸಾಲಿನ ಕೊನೆವರೆಗೂ ಬರೀ ಬಾಣ. ಅಂದರೆ ನಮ್ಮ ಕಣ್ಣಿಗೆ ಖಾಲಿ ಕಂಡ ಸರ್‌ನೇಮ್ ಯಂತ್ರದ ಕಣ್ಣಿಗೆ ಖಾಲಿ ಇಲ್ಲ. ಅವ್ವನ ಹೆಸರೇ ಆ ಜಾಗದಲ್ಲಿ ಕೂತಿದೆ.

ಏಜೆಂಟರು ಟಿಕೆಟ್ಟಿನಲ್ಲಿ ಎರಡೂ ಕಡೆ ಅದೇ ಹೆಸರು ಹಾಕಿದ್ದರು. ನಾನೂ ಹಾಗೇ ಮಾಡಿದೆ. ಎರಡೂ ಪೆಟ್ಟಿಗೆಯಲ್ಲಿ ಅದೇ ಪದ, ಅಕ್ಷರ ಅಕ್ಷರ ನೋಡಿ. ಪಾಸ್‌ಪೋರ್ಟ್ ನಂಬರನ್ನೂ ಗಟ್ಟಿಯಾಗಿ ಓದಿಸಿದೆ. ನಮ್ಮದರಲ್ಲಿ ಮೊದಲು ಒಂದು ಅಕ್ಷರ, ಆಮೇಲೆ ಏಳು ಅಂಕಿ, ಆದ್ದರಿಂದ ಅಂಕಿಗಳ ನಡುವೆ ಗುಂಡಗೆ ಕಂಡದ್ದೆಲ್ಲ ಸೊನ್ನೆಯೇ, ‘ಓ’ ಅಲ್ಲ.

ಹೆಂಡತಿಯ ಕಾರ್ಡಿಗೆ ಶಾಖೆಯಲ್ಲಿ ವಿದೇಶಿ ವ್ಯವಹಾರ ಚಾಲೂ ಮಾಡಿಸಿಕೊಂಡು ಬಂದು ಸಂಜೆ ಹಣ ಕಟ್ಟಿದೆ. ಡಾಲರಿಗೆ ಆಗ 71 ರೂಪಾಯಿ ಆಸುಪಾಸು. ಮೂವರದು ಸೇರಿ 60 ಡಾಲರ್, ಮೇಲೆ ಬ್ಯಾಂಕಿನ ಶುಲ್ಕ, ಒಟ್ಟು ನಾಲ್ಕು ಸಾವಿರದ ನಾನೂರರ ಹತ್ತಿರ ಹೋಯಿತು. ಮೊದಲು ಅರ್ಜಿ ಮುಟ್ಟಿದೆ ಅನ್ನುವ ಮೇಲ್, ಆಮೇಲೆ ಮಂಜೂರಾತಿಯ ಮೇಲ್. ಮೊದಲನೆಯದನ್ನೇ ಇಟಿಎ ಅಂದುಕೊಂಡು ಹೊರಟುಬಿಡಬೇಡಿ. ಮೂರು ಜನರದು ಇನ್‌ಬಾಕ್ಸಿಗೆ ಬಂತು, ಮಗಳದು ಸ್ಪ್ಯಾಮಿನಲ್ಲಿ ಬಿದ್ದಿತ್ತು.

ಒಬ್ಬೊಬ್ಬರದು ಎರಡೆರಡು ಪ್ರಿಂಟ್ ತೆಗೆದೆ. ಲ್ಯಾಮಿನೇಷನ್ ಮಿಷನ್ ಬಿಸಿಗೆ ಹಾಕಿದ್ದು ನೋಡಿ ಹೆಂಡತಿ, “ರೀ, ಅದಕ್ಕೂ ಮಾಡ್ಬೇಕೇನ್ರೀ?” ಅಂದಳು. ಬಿಟ್ಟೆ. ಅವ್ವ ಮಾತ್ರ ತನ್ನ ಹಾಳೆ ಹಿಡಿದು, ತನಗೆ ಬರುವಷ್ಟು ಇಂಗ್ಲಿಷ್ ಅಕ್ಷರದಲ್ಲಿ ಬೆರಳಿಟ್ಟು, “ಅದ್ಯಾಕ್ಲಾ ಮಗ, ನನ್ ಹೆಸ್ರು ಎಲ್ಡು ಸಲ ಬರ್ಸಿದ್ದೀಯ? ಎಲ್ಡು ಜನುದ್ ದುಡ್ಡು ಕಿತ್ಕಂಡ್ರಾ?” ಅಂತ ಕೇಳಿತು.

ದೇವನಹಳ್ಳಿಯ ಚೆಕ್-ಇನ್ ಕೌಂಟರಿನಲ್ಲಿ ಇಟಿಎ ಕೇಳಿಯೇ ಬೋರ್ಡಿಂಗ್ ಪಾಸ್ ಕೊಟ್ಟರು. ಅವ್ವನ ಹಾಳೆಯನ್ನು ಆ ಹುಡುಗಿ ಸ್ವಲ್ಪ ಹೊತ್ತು ನೋಡಿದಳು. ನನ್ನ ಎದೆ ಡವಡವ. ಪಾಸ್‌ಪೋರ್ಟನ್ನು ಯಂತ್ರದ ಮೇಲೆ ಉಜ್ಜಿ ತಲೆಯಾಡಿಸಿದಳು. ಕೊಲಂಬೊದ ವಿಮಾನ ನಿಲ್ದಾಣ ಇರುವ ಕಟುನಾಯಕದಲ್ಲಿ ಇಳಿದಾಗ ಅಧಿಕಾರಿ ಅವ್ವನನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅವ್ವ ಕನ್ನಡದಲ್ಲಿ “ಸೀತಮ್ಮನ್ ನೋಡಕ್ ಬಂದಿವ್ನಿ” ಅಂದಳು. ಸೀತಾ ಅನ್ನುವುದಷ್ಟು ಅವರಿಗೆ ಅರ್ಥವಾಗಿರಬೇಕು, ನಕ್ಕು ಮುದ್ರೆ ಒತ್ತಿದರು.

ನಾವು ಬಂದು ಎರಡು ತಿಂಗಳಿಗೆ ಅಲ್ಲಿ ಈಸ್ಟರ್ ದಿನದ ಬಾಂಬ್ ಸ್ಫೋಟ ಆಯಿತು. ಆಮೇಲೆ ಶುಲ್ಕ, ನಿಯಮ ಎಲ್ಲ ಹಲವು ಸಲ ಬದಲಾದವು. 2024ರ ಏಪ್ರಿಲ್‌ನಲ್ಲಿ ಇಟಿಎ ಬದಲು ಖಾಸಗಿಯವರು ನಡೆಸುವ ಇ-ವೀಸಾ ತಂದರು. ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ತಡೆಹಿಡಿದು ಹಳೆಯ ವ್ಯವಸ್ಥೆಗೇ ಮರಳಲು ಹೇಳಿತು. ಹಾಗಾಗಿ ನಾನು ಕಟ್ಟಿದ 20 ಡಾಲರ್ ನಂಬಿಕೊಂಡು ಕೂರಬೇಡಿ, ಅರ್ಜಿ ಹಾಕುವ ದಿನ ಸರ್ಕಾರಿ ತಾಣದಲ್ಲೇ ನೋಡಿ.

ಅವ್ವನಿಗೆ ಮಾಡಿದ್ದನ್ನೇ ಎಲ್ಲ ದೇಶಕ್ಕೂ ಮಾಡಲು ಹೋಗಬೇಡಿ ಅಂತಲೂ ಹೇಳಬೇಕು. ದುಬೈ ಇರುವ ಯುಎಇ ದೇಶದವರು 2022ರ ನವೆಂಬರ್‌ನಿಂದ ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಅಂದರು. ಸ್ವಲ್ಪ ದಿನಕ್ಕೆ, ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆಗಬಹುದು ಅಂತ ಸಡಿಲಿಸಿದರು. ಲಂಕೆಯ ಅರ್ಜಿಯಲ್ಲಿ ನನ್ನನ್ನು ಕೆಡವಲಿದ್ದ ಕೊನೆಯ ಪುಟ ದುಬೈ ದಾರಿಯಲ್ಲಿ ಜನರನ್ನು ಕಾಪಾಡುತ್ತಿದೆ. ಈಗ ಅಂಗಡಿಗೆ ಯಾರೇ ಪಾಸ್‌ಪೋರ್ಟ್ ಹಿಡಿದು ಬಂದರೂ ನಾನು ಮೊದಲು ನೋಡುವುದು ಆ ಬಾಣದ ಸಾಲು, ಆಮೇಲೆ ಕೊನೆಯ ಪುಟ, ಆಮೇಲೆ ಯಾವ ದೇಶ ಅಂತ.

ಅವ್ವನ ಪಾಸ್‌ಪೋರ್ಟು 2028ಕ್ಕೆ ಮುಗಿಯುತ್ತದೆ. ಮುಂದಿನ ಸಲ ಒಂದು ಸರ್‌ನೇಮ್ ಸೇರಿಸೋಣ, ನನ್ನ ಹಾಗೆ ಕೆರಗೋಡು ಅಂತ ಹಾಕಿಸೋಣ ಅಂದೆ.

“ಕೆರಗೋಡು ನಿಮ್ಮಪ್ಪುಂದು ಕಣ್ಲಾ” ಅಂದಳು ಅವ್ವ. “ನಂದು ಬಸರಾಳು.”