ಬಿದ್ರಿ ಕೆಲಸಗಾರರ ಫೋಟೋ ತೆಗೆಯುವುದು ಹೇಗೆ?

ಬೀದರ್ ಕೋಟೆ ನೋಡಲು ಬಂದವರು ಹಳೆ ಊರಿನ ಗೋಪುರ ಚೌಬಾರದ ಹತ್ತಿರದ ಬಿದ್ರಿ ಅಂಗಡಿಗಳಿಗೂ ಇಣುಕುತ್ತಾರೆ. ಬಿದ್ರಿ ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕುಸುರಿ ಕೆಲಸ. ಬಾಗಿಲಲ್ಲೇ ನಿಂತು ಹತ್ತು ಫೋಟೋ ಹೊಡೆದು ಹೊರಡುತ್ತಾರೆ. ಆಮೇಲೆ ನೋಡಿದರೆ ಎಲ್ಲದರಲ್ಲೂ ಬಗ್ಗಿದ ಒಂದು ತಲೆ, ಒಂದು ಹೂದಾನಿ. ಅಷ್ಟೇ.

1. ಒಂದು ಕ್ಯಾಮೆರಾ, ಒಂದು 35 ಎಂಎಂ ಲೆನ್ಸ್ ಸಾಕು. ಫೋನ್ ಆದರೂ ನಡೆಯುತ್ತದೆ, ಆದರೆ ಬ್ಯೂಟಿ ಮೋಡ್ ಆಫ್ ಮಾಡಿ. ಮೂವತ್ತು ವರ್ಷ ಉಳಿ ಹಿಡಿದ ಕೈಯನ್ನು ಅದು ಮೇಣದ ಕೈ ಮಾಡಿಬಿಡುತ್ತದೆ.

2. ಜಾಸ್ತಿ ಜನ ಎಡವುವುದು ಇಲ್ಲಿ. ಮೊದಲ ದಿನ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅವರ ಹಾಗೆ ನೆಲದ ಮೇಲೆ ಕೂರಿ. ‘ಉಸ್ತಾದ್’ ಅನ್ನಿ, ಕೆಲಸದ ಬಗ್ಗೆ ಕೇಳಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ, ಮೈಲುತುತ್ತ ಸವರುತ್ತಾರೆ. ಅದು ತಾತ್ಕಾಲಿಕ ಕಪ್ಪು, ಕೊರೆಯುವ ಗೆರೆ ಕಾಣಲಿ ಅಂತ. ಕೊರೆದ ಗೆರೆಗೆ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ತಟ್ಟುತ್ತಾರೆ. ಇದನ್ನೆಲ್ಲ ಅವರ ಬಾಯಿಂದ ಕೇಳುವಾಗಲೇ ಯಾರು ಮಾತುಗಾರರು, ಯಾರಿಗೆ ನಾಚಿಕೆ ಅಂತ ಗೊತ್ತಾಗುತ್ತದೆ.

ಫೋಟೋಗೆ ಒಪ್ಪಿಗೆ ಕೇಳುವುದು ಅಂಗಡಿ ಮಾಲೀಕರನ್ನಲ್ಲ, ಉಳಿ ಹಿಡಿದವರನ್ನೇ. ಬೇಡ ಅಂದರೆ ಬಿಡಿ. ದೂರದಿಂದ ಜೂಮ್ ಮಾಡಿ ಕದಿಯುವುದು ಕೆಲವರ ಶಾರ್ಟ್‌ಕಟ್. ನನಗದು ಚೂರೂ ಇಷ್ಟವಿಲ್ಲ.

3. ಬಾಗಿಲ ಬೆಳಕಿನಲ್ಲೇ ತೆಗೆಯಿರಿ. ಫ್ಲ್ಯಾಶ್ ಬೇಡ, ಬೆಳ್ಳಿ ಫಳಫಳ ಅಂದು ಗೆರೆಯೇ ಕಾಣುವುದಿಲ್ಲ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ರಿಂಗ್ ಲೈಟ್ ಇನ್ನೂ ಕಡೆ. ಪಾತ್ರೆಯ ಹೊಟ್ಟೆಯ ಮೇಲೆ ಬಿಳಿ ಬಳೆ ಕೂತಿರುತ್ತದೆ.

4. ಕಪ್ಪು ಬರುವ ಗಳಿಗೆ ತಪ್ಪಿಸಿಕೊಳ್ಳಬೇಡಿ. ಪಾಲಿಷ್ ಆದ ಮೇಲೆ ಮೈಲುತುತ್ತದ ಕಪ್ಪು ಹೋಗಿ, ಲೋಹ ಯಾವುದು, ಬೆಳ್ಳಿ ಯಾವುದು ಅಂತ ಗುರುತೇ ಸಿಗುವುದಿಲ್ಲ. ಆಗ ಕೋಟೆಯ ಮಣ್ಣು ಬರುತ್ತದೆ. ಮಣ್ಣು ಸರಿಯಿದೆಯಾ ಅಂತ ಒಂದು ಚಿಟಿಕೆ ನಾಲಿಗೆಗೆ ಇಟ್ಟು ನೋಡುತ್ತಾರೆ. ನನಗೆ ಎಲ್ಲಕ್ಕಿಂತ ಬೇಕಾದ ಫೋಟೋ ಅದೇ. ಆ ಮಣ್ಣಿಗೆ ನವಸಾಗರ ಸೇರಿಸಿ ಕುದಿಸಿ, ಬಿಸಿ ಪಾತ್ರೆಗೆ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕೆಲಸ ದಿನಾ ಇರುವುದಿಲ್ಲ. ಯಾವ ದಿನ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಹಬೆಗೆ ಲೆನ್ಸ್ ಮಸುಕಾಗುತ್ತದೆ, ಒಂದು ಪಕ್ಕಕ್ಕೆ ನಿಲ್ಲಿ. ಕಪ್ಪು ಜಾಸ್ತಿ ಇರುವ ಫ್ರೇಮ್ ನೋಡಿ ಕ್ಯಾಮೆರಾ ಬೆಳಕು ಏರಿಸಿಬಿಡುತ್ತದೆ. ನೀವೇ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕು ಅರ್ಧ ಮಾಡಿ.

5. ಪ್ರಿಂಟ್ ಹಾಕಿಸಿ ಕೊಡಿ. ಮ್ಯಾಟ್ ಪೇಪರೇ ಇರಲಿ, ಎಣ್ಣೆ ಕೈಯ ಗುರುತು ಅಷ್ಟಾಗಿ ಕೂರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಲೆಕ್ಕಕ್ಕಿಲ್ಲ. ನಾನೊಮ್ಮೆ ‘ಮುಂದಿನ ವಾರ ತರ್ತೀನಿ’ ಅಂದು ವರ್ಷ ಬಿಟ್ಟು ಬರಿಗೈಯಲ್ಲಿ ಹೋಗಿದ್ದೆ. ಉಸ್ತಾದ್ ನಗುತ್ತಲೇ ಚಹಾ ತರಿಸಿದರು. ಮಣ್ಣು ಕುದಿಸುವ ದಿನ ಯಾವುದು ಅಂತ ಮಾತ್ರ ಹೇಳಲಿಲ್ಲ.