ಮೊದಲು ಮಾತು, ಆಮೇಲೆ ಆನೆ

ಆಷಾಢದಲ್ಲಿ ಡಿಟಿಪಿ ಅಂಗಡಿಗೆ ಕೆಲಸ ಕಮ್ಮಿ. ಮದುವೆ ಕಾರ್ಡಿಲ್ಲ, ಗೃಹಪ್ರವೇಶದ ಕಾರ್ಡೂ ಇಲ್ಲ. ಹಾಸನದ ನಮ್ಮ ಬೀದಿಯಲ್ಲಿ ಆಧಾರ್ ಜೆರಾಕ್ಸಿಗೆ ಬರುವವರಷ್ಟೇ. ಕಂಪ್ಯೂಟರ್ ಸುಮ್ಮನೆ ಕೂತಿರುವ ಈ ದಿನಗಳಲ್ಲಿ ಅಕ್ಕನ ಮಗಳು ಮತ್ತವಳ ಗೆಳತಿಯರ ಜೊತೆ ಕಾಮಿಕ್ಸ್ ಪುಸ್ತಕ ಮಾಡುವುದು ನನಗೀಗ ರೂಢಿಯಾಗಿದೆ. ಅಂಗಡಿಗೆ ಬಂದವರು ಆ ಪುಸ್ತಕ ನೋಡಿ "ಇದ್ಯಾವ ಸಾಫ್ಟ್‌ವೇರ್?" ಅಂತ ಕೇಳುತ್ತಾರೆ. ಅವರು ಕೇಳಬೇಕಾದ ಪ್ರಶ್ನೆ ಅದಲ್ಲ ಅನ್ನುವುದು ನನ್ನ ಅಭಿಪ್ರಾಯ, ಆದರೂ ಮೊದಲು ಅದನ್ನೇ ಮುಗಿಸಿಬಿಡುತ್ತೇನೆ.

ಕಂಪ್ಯೂಟರಿನಲ್ಲೇ ಚಿತ್ರ ಬರೆಯುವುದಾದರೆ ಕೃತಾ, ಬರೆದದ್ದನ್ನು ತಿದ್ದಲು ಗಿಂಪ್, ಪುಟ ಕಟ್ಟಲು ಲಿಬ್ರೆ ಆಫೀಸ್ ಇಂಪ್ರೆಸ್. ಮೂರೂ ಪುಕ್ಕಟೆ. ಕಾಮಿಕ್ಸಿಗೆಂದೇ ಮಾಡಿದ ಕಾಮಿಕ್ ಲೈಫ್ ಇದೆ, ಅದಕ್ಕೆ ದುಡ್ಡು ಕೊಡಬೇಕು. ನಾನು ಇಂಪ್ರೆಸ್ಸಿನಲ್ಲೇ ಉಳಿದೆ. ಶಾಲೆಯಲ್ಲಿ ಪವರ್‌ಪಾಯಿಂಟ್ ನೋಡಿದ ಮಕ್ಕಳಿಗೆ ಇದನ್ನು ಬೇರೆ ಕಲಿಸಬೇಕಾಗಿಲ್ಲ. ಸ್ಲೈಡಿನ ಅಳತೆಯನ್ನು ಎ5ಗೆ, ಅಂದರೆ ಎ4 ಹಾಳೆಯ ಅರ್ಧಕ್ಕೆ, ಬದಲಿಸಿ ಉದ್ದಕ್ಕೆ ನಿಲ್ಲಿಸಿದರೆ ಒಂದು ಸ್ಲೈಡ್ ಅಂದರೆ ಒಂದು ಪುಟ. ಮಾತಿನ ಬಲೂನುಗಳು ಕಾಲ್‌ಔಟ್ ಅನ್ನುವ ಹೆಸರಿನಲ್ಲಿ ತಯಾರಾಗಿಯೇ ಇವೆ. ದುಂಡಗಿನದು ಮಾತಿಗೆ, ಮೋಡದಂಥದ್ದು ಮನಸ್ಸಿನಲ್ಲಿ ಅಂದುಕೊಳ್ಳುವುದಕ್ಕೆ. ಹಳದಿ ಚುಕ್ಕೆ ಹಿಡಿದು ಎಳೆದರೆ ಬಲೂನಿನ ಬಾಲ ಯಾರ ಬಾಯಿಗೆ ಬೇಕೋ ಅಲ್ಲಿಗೆ ಹೋಗುತ್ತದೆ.

ಇನ್ನು ನಿಜವಾದ ಕೆಲಸ. ಎಲ್ಲರೂ ಮೊದಲು ಚಿತ್ರ ಬರೆದು, ಉಳಿದ ಜಾಗದಲ್ಲಿ ಮಾತು ತುರುಕುತ್ತಾರೆ. ಕನ್ನಡದಲ್ಲಿ ಅದು ಆಗದ ಮಾತು. ನಮ್ಮ ಪದಗಳಿಗೆ ಪ್ರತ್ಯಯಗಳು ಸೇರುತ್ತಾ ಉದ್ದವಾಗುತ್ತವೆ, ಅಕ್ಷರದ ಕೆಳಗೆ ಒತ್ತು ಬೇರೆ. ಸಾಲುಗಳ ನಡುವಿನ ಜಾಗ ಕಮ್ಮಿಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಓದಲಿಕ್ಕೇ ಬರುವುದಿಲ್ಲ. ಹಾಗಾಗಿ ನಾವು ಖಾಲಿ ಚೌಕಗಳಲ್ಲಿ ಬಲೂನುಗಳನ್ನಷ್ಟೇ ಇಟ್ಟು, ಒಳಗೆ ಮಾತು ತುಂಬಿ, ಇಡೀ ಪುಸ್ತಕವನ್ನು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳುತ್ತೇವೆ. ಚಿತ್ರ ಬರೆಯಲು ಎಷ್ಟು ಜಾಗ ಉಳಿದಿದೆ ಅನ್ನುವುದು ಆಗ ಕಣ್ಣಿಗೆ ಕಾಣುತ್ತದೆ. ಎ5 ಪುಟದಲ್ಲಿ ನಾಲ್ಕೈದು ಚೌಕಕ್ಕಿಂತ ಹೆಚ್ಚು ಬೇಡ, ಅಕ್ಷರ 11 ಪಾಯಿಂಟಿಗಿಂತ ಸಣ್ಣದಾಗುವುದೂ ಬೇಡ.

ಮಕ್ಕಳು ಮೊದಮೊದಲು ಪಾಠದ ಪುಸ್ತಕದ ಕನ್ನಡ ಬರೆಯುತ್ತಾರೆ. "ಆನೆಯು ನಮ್ಮ ತೋಟಕ್ಕೆ ಬಂದುಬಿಟ್ಟಿದೆಯಂತೆ" ಅಂತ ಬರೆದರೆ ಅರ್ಧ ಚೌಕ ಹೋಯಿತು. "ಆನೆ ಬಂದೈತೆ ಕಣ್ಲಾ!" ಅಂದರೆ ಜಾಗವೂ ಉಳಿಯಿತು, ಕೂಗಿದ್ದೂ ಕೇಳಿಸಿತು. ಮನೆಯಲ್ಲಿ ಆಡುವ ಮಾತನ್ನೇ ಬರೆಯಿರಿ ಅಂದಾಗ ಅವರ ಮುಖ ಅರಳುವುದನ್ನು ನೋಡಬೇಕು.

ಮಾತುಗಳನ್ನು ಅವರು ಫೋನಿನಲ್ಲೇ ಟೈಪ್ ಮಾಡಿ ವಾಟ್ಸಾಪಿನಲ್ಲಿ ಕಳಿಸುತ್ತಾರೆ, ನಾನು ಕಾಪಿ ಮಾಡಿ ಬಲೂನಿಗೆ ಹಾಕುತ್ತೇನೆ. ಅದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ, ಆಗಿರುವುದರಿಂದ ತೊಂದರೆಯಿಲ್ಲ. ಮದುವೆ ಕಾರ್ಡಿಗೆ ನಾವು ಬಳಸುವ ನುಡಿ ಸಾಫ್ಟ್‌ವೇರಿನ ಹಳೆಯ ಫಾಂಟುಗಳನ್ನು ಇಲ್ಲಿ ಮುಟ್ಟಬೇಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಬಲೂನಿಗೆ ನೋಟೊ ಸಾನ್ಸ್ ಕನ್ನಡ, ಪುಸ್ತಕದ ಹೆಸರಿಗೂ "ಢಂ", "ಧಡಾರ್" ಥರದ ಸದ್ದಿಗೂ ದಪ್ಪನೆಯ ಬಾಲೂ ತಮ್ಮ. ಎರಡೂ ಗೂಗಲ್ ಫಾಂಟ್ಸಿನಲ್ಲಿ ಪುಕ್ಕಟೆ ಸಿಗುತ್ತವೆ.

ಕಳೆದ ಸಲದ ಕಥೆ ಸಕಲೇಶಪುರದ ಕಾಫಿ ತೋಟಕ್ಕೆ ಹಲಸಿನ ಹಣ್ಣಿಗಾಗಿ ಬರುವ ಆನೆಯದು. ಆ ಕಡೆ ಆನೆ ಓಡಾಟ ತಿಳಿಸಲು ರಸ್ತೆ ಬದಿ ಡಿಜಿಟಲ್ ಬೋರ್ಡ್ ಹಾಕಿದ್ದಾರಲ್ಲ, ನಮ್ಮ ಆನೆ ಅದರ ಮುಂದೆ ನಿಂತು ತನ್ನ ಸುದ್ದಿಯನ್ನೇ ಓದುತ್ತದೆ. "ಮಾವ, ಆನೆಗೆ ಬಲೂನ್ ಬೇಡ, ಅದು ಸುಮ್ನೆ ನೋಡ್ಲಿ" ಅಂದಳು ಅಕ್ಕನ ಮಗಳು. ಪುಸ್ತಕದಲ್ಲಿ ಎಲ್ಲರೂ ಕೂಗಾಡುತ್ತಾರೆ, ಆನೆಯದು ಮಾತ್ರ ತುಟಿ ಪಿಟಕ್ಕಿಲ್ಲ. ನನಗೆ ಹೊಳೆಯದಿದ್ದದ್ದು ಅದು.

ಜನ ಪಟಾಕಿ ಹಿಡಿದು ಆನೆಯನ್ನು ಸುತ್ತುವರಿಯುವ ಪುಟವನ್ನು ಚೌಕಗಳಲ್ಲಿ ಹೇಗೆ ಹಾಕಿದರೂ ಸಪ್ಪೆ ಅನ್ನಿಸುತ್ತಿತ್ತು. ಒಂದು ಭಾನುವಾರ ಎಲ್ಲರನ್ನೂ ಹಳೇಬೀಡಿಗೆ ಕರೆದುಕೊಂಡು ಹೋದೆ. ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಮೇಲೆ ಸಿಂಹಗಳು, ಇನ್ನೂ ಮೇಲೆ ರಾಮಾಯಣ, ಮಹಾಭಾರತದ ಪಟ್ಟಿ. 12ನೇ ಶತಮಾನದ ಕೆಲಸ. ಅಭಿಮನ್ಯು ಚಕ್ರವ್ಯೂಹ ಹೊಕ್ಕ ಕಥೆಯೂ ಅಲ್ಲಿದೆ. ಇಡೀ ವ್ಯೂಹವನ್ನು ಆ ಸಣ್ಣ ಪಟ್ಟಿಯಲ್ಲೇ ಸುರುಳಿಯಾಗಿ ಸುತ್ತಿಟ್ಟಿದ್ದಾರೆ. ವಾಪಸ್ ಬಂದು ಆ ಪುಟದ ಚೌಕಗಳನ್ನೆಲ್ಲ ಅಳಿಸಿದೆವು. ನಡುವೆ ಆನೆ, ಸುತ್ತ ಸುರುಳಿಯಾಗಿ ಜನ, ಕಾಫಿ ಗಿಡ, ಟಾರ್ಚು. ಆನೆಗೆ ಬಂದ ದಾರಿ ಗೊತ್ತು, ಹೋಗುವ ದಾರಿ ಕಾಣುತ್ತಿಲ್ಲ. ಇಡೀ ಪುಸ್ತಕದಲ್ಲಿ ಜನ ಹೆಚ್ಚು ಹೊತ್ತು ನೋಡುವುದು ಆ ಪುಟವನ್ನೇ.

ಚಿತ್ರ ಕಾಗದದ ಮೇಲೇ ಬರೆಯಲಿ ಅನ್ನುವವನು ನಾನು. ಪೆನ್ಸಿಲಿನ ಬೂದು ಬಣ್ಣ ಜೆರಾಕ್ಸಿನಲ್ಲಿ ಕೊಳೆಯಾಗಿ ಬರುತ್ತದೆ, ಆದ್ದರಿಂದ ಮೇಲೆ ಕಪ್ಪು ಜೆಲ್ ಪೆನ್ನು, ನೆರಳು ಬೇಕಾದ ಕಡೆ ಗೀಟುಗಳು. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಗಿಂಪಿನ ಲೆವೆಲ್ಸ್‌ನಲ್ಲಿ ಬಿಳಿ ಡ್ರಾಪರ್ ತಗೊಂಡು ಖಾಲಿ ಕಾಗದದ ಮೇಲೆ ಒತ್ತಿದರೆ ಹಿನ್ನೆಲೆ ಶುಭ್ರ. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿಯ ಬೆಳಕಿನಲ್ಲಿ, ನೆರಳು ಬೀಳದಂತೆ ಫೋಟೋ ತೆಗೆದರೂ ಸಾಕು.

ಪುಟಗಳ ಲೆಕ್ಕ ನಾಲ್ಕರ ಗುಣಕದಲ್ಲಿರಬೇಕು. ನಮ್ಮದು 16 ಪುಟ, ಅಂದರೆ ನಾಲ್ಕು ಎ4 ಹಾಳೆ. ಮೊದಲ ಹಾಳೆಯ ಒಂದು ಬದಿ 16 ಮತ್ತು 1, ಹಿಂದೆ 2 ಮತ್ತು 15. ಅಕ್ಕಪಕ್ಕದ ಪುಟಗಳನ್ನು ಕೂಡಿದರೆ ಯಾವಾಗಲೂ 17. ಇದನ್ನು ಕೈಯಲ್ಲಿ ಜೋಡಿಸಬೇಕಿಲ್ಲ, ಪ್ರಿಂಟ್ ಕೊಡುವಾಗ ಬ್ರೋಷರ್ ಅನ್ನುವ ಆಯ್ಕೆ ಇದೆ. ಬೇರೆ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುವುದಾದರೆ ಪಿಡಿಎಫ್ ಮಾಡಿಕೊಂಡು ಹೋಗಿ, ಬುಕ್‌ಲೆಟ್ ಅಂತ ಹೇಳಿ. ಎರಡೂ ಬದಿ ಪ್ರಿಂಟಿಗೆ ಹಾಳೆ ಚಿಕ್ಕ ಅಂಚಿನ ಕಡೆಯಿಂದ ತಿರುಗಬೇಕು. ಉದ್ದ ಅಂಚು ಅಂತಿದ್ದರೆ ಹಿಂಬದಿ ತಲೆಕೆಳಗು.

ಸಾಮಾನ್ಯ ಸ್ಟೇಪ್ಲರ್ ಮಡಿಕೆಯ ಮಧ್ಯಕ್ಕೆ ಎಟುಕುವುದಿಲ್ಲ. ಸ್ಟೇಪ್ಲರನ್ನು ಪೂರ್ತಿ ಬಿಚ್ಚಿ, ಹಾಳೆಗಳ ಕೆಳಗೆ ಥರ್ಮೋಕೋಲ್ ಇಟ್ಟು ಒತ್ತಿ, ಆಚೆ ಬಂದ ಪಿನ್ನನ್ನು ಚಮಚದ ಹಿಂಬದಿಯಿಂದ ಮಡಚುತ್ತೇವೆ. ಮಡಚಿದ ಮೇಲೆ ಒಳಗಿನ ಹಾಳೆಗಳು ಸ್ವಲ್ಪ ಹೊರಗೆ ಇಣುಕುತ್ತವೆ, ಸ್ಕೇಲಿಟ್ಟು ಬ್ಲೇಡಿನಲ್ಲಿ ಕತ್ತರಿಸಬೇಕು. ಬ್ಲೇಡ್ ಕೆಲಸ ಮಾತ್ರ ಮಕ್ಕಳಿಗೆ ಕೊಡುವುದಿಲ್ಲ.